ಆಯಿಯ ಗುಳಿಗೆಗೂ ಉಪವಾಸ

ಶಹಾಪುರದ ಔಷಧಿ ಅಂಗಡಿಯವರು ಅವ್ವನ ಬಿ.ಪಿ. ಗುಳಿಗೆ ಕೊಡುತ್ತ, "ಊಟ ಆದ ಮ್ಯಾಲ ತಗೋಳಾಕ ಹೇಳ್ರಿ" ಅಂದರು. ತಟ್ಟನೆ ಸಗರದ ಆಯಿ, ನನ್ನ ಅಪ್ಪನ ತಾಯಿ, ನೆನಪಾದಳು. ಅವಳಿಗೆ ಡಾಕ್ಟರರ ಮಾತೆಂದರೆ ರಾಜಾಜ್ಞೆ. ಬಿ.ಪಿ. ಗುಳಿಗೆಯನ್ನು ಕಣ್ಣಿಗೊತ್ತಿಕೊಂಡೇ ನುಂಗುವಳು. ಶ್ರಾವಣ ಬಂತೆಂದರೆ ಮಾತ್ರ ತಿಂಗಳಿಡೀ ಉಪವಾಸ.

"ಅತ್ತಿ, ಗುಳಿಗಿ ತಗೊಂಡಿಲ್ಲಲ್ರಿ?" ಒಂದು ಶ್ರಾವಣದಲ್ಲಿ ಅವ್ವ ಕೇಳಿದಳು.

"ಊಟ ಆದ ಮ್ಯಾಲ ಅಂದಾರ ಡಾಕ್ಟರು. ಊಟಾನೇ ಇಲ್ಲಂದ್ರ ಗುಳಿಗಿ ಎಲ್ಲಿಂದ? ಭಾಳ ಶಾಣ್ಯಾಕಿ ಬಂದಾಳ!" ಆಯಿ ಗದರಿದಳು.

ತೀರ್ಪು ಹೊರಬಿತ್ತು, ಮನೆಮಂದಿಯೆಲ್ಲ ನಕ್ಕು ತಲೆಬಾಗಿದೆವು. ಆ ಶ್ರಾವಣ ಮುಗಿಯುವ ಮೊದಲೇ ಲಕ್ವಾ ಹೊಡೆದು ಆಯಿಯ ಮಾತು ನಿಂತಿತು, ಮತ್ತೆ ಬರಲಿಲ್ಲ.

"ಉಪವಾಸ ಇದ್ದಾಗ ಹ್ಯಾಂಗ್ರಿ?" ಎಂದು ಇವತ್ತು ಅಂಗಡಿಯವರನ್ನು ಕೇಳಿದೆ.

"ಒಂದೀಟು ಹಾಲು ಕುಡದು ತಗೊಂಡ್ರಾತು. ಬಿಡಬಾರದ್ರಿ."

ಉಪವಾಸದಲ್ಲಿ ಆಯಿ ದಿನಾ ಎರಡು ಹೊತ್ತು ಹಾಲು ಕುಡಿಯುತ್ತಿದ್ದಳು.