ಮಾವ ಸೊನ್ನೆ ಎನ್ನಲಿಲ್ಲ

ಮೊನ್ನೆ ಪಕ್ಕದ ಮನೆಯ ಜನರೇಟರು ಗುಡುಗುಡು ಎನ್ನುತ್ತಿದ್ದದ್ದು ಗಕ್ಕನೆ ನಿಂತಿತು. ಕೈಯಲ್ಲಿದ್ದ ಚಹಾವನ್ನು ಸೀರೆಯ ಮೇಲೆ ಚೆಲ್ಲಿಕೊಂಡೆ. ಈ ವಯಸ್ಸಿನಲ್ಲೂ ಹೀಗೆ ಬೆಚ್ಚುವುದೇ ಎಂದು ನೀವು ನಗಬಹುದು. ನಗಿರಿ, ಆದರೆ ರುದ್ರಮಾವನ ಕಥೆ ಕೇಳಿ ನಗಿರಿ.

ರುದ್ರಪ್ಪ ನನ್ನ ತಾಯಿಯ ತಮ್ಮ. ಯುದ್ಧ ಮುಗಿಯುವ ತನಕ ಎಲ್ಲೆಲ್ಲೋ ವಿಮಾನದ ಎಂಜಿನ್ ರಿಪೇರಿ ಮಾಡಿ, ಆಮೇಲೆ ಬಳ್ಳಾರಿಗೆ ಬಂದು ಕಂಟೋನ್ಮೆಂಟಿನಲ್ಲಿ ನೀರೆತ್ತುವ ಪಂಪುಗಳ ರಿಪೇರಿಗೆ ಕೂತಿದ್ದ. ಮಾತು ಕಡಿಮೆ. ಪಂಪಿಗೆ ಕಿವಿಗೊಟ್ಟು, "ಇದು ದೀಪಾವಳಿ ತನಕ ನಡಿಯೋದು ಅನುಮಾನ" ಎಂದರೆ ಸಾಕು, ಕುರುಗೋಡಿನ ರೈತರು ಹೊಸ ಪಂಪು ಹುಡುಕಲು ಹೊರಡುತ್ತಿದ್ದರು. ಸಿರುಗುಪ್ಪದ ನಮ್ಮ ಮನೆಯಲ್ಲಿ ಮಾತ್ರ ಅವನಿಗೆ ಅಪಶಕುನದ ಮಾವ ಎಂದು ಹೆಸರಿಟ್ಟಿದ್ದೆವು.

ಐವತ್ತರ ದಶಕ ಆಗತಾನೆ ಶುರುವಾಗಿತ್ತು. ದಿಲ್ಲಿಯಲ್ಲಿ ನರ್ಸ್ ತರಬೇತಿಗೆ ನನಗೆ ಸೀಟು ಸಿಕ್ಕಿತು. ಪತ್ರ ತಡವಾಗಿ ಬಂದಿತ್ತು. ರೈಲಿನಲ್ಲಿ ಹೋದರೆ ಸೇರುವ ದಿನ ಮೀರುತ್ತಿತ್ತು. ಮದ್ರಾಸಿನಿಂದ ವಿಮಾನದ ಟಿಕೆಟನ್ನು ತರಬೇತಿಯವರೇ ಕಳಿಸಿದ್ದರು. ಅಪ್ಪ ಅದನ್ನು ಹಿಡಿದು ನನ್ನನ್ನು ನೇರ ಮಾವನ ಮುಂದೆ ತಂದು ನಿಲ್ಲಿಸಿದ.

"ಎಂಜಿನ್ ನಡುವ ನಿಲ್ಲಂಗಿಲ್ಲ ಅಂತ ಹೇಳು ರುದ್ರಪ್ಪ, ಕಳಸ್ತೀನಿ."

ಹಾಗೆಂದುಬಿಡು ಎಂದು ಮಾವನನ್ನು ಕಣ್ಣಲ್ಲೇ ಬೇಡಿದೆ. ಅವನು ನನ್ನತ್ತ ನೋಡಲೇ ಇಲ್ಲ. ತಾನು ಕಂಡ ಎಂಜಿನ್‌ಗಳು, ಅವು ಓಡಿದ ತಾಸುಗಳು, ನಡುವೆ ಕೆಟ್ಟು ನಿಂತವು, ಎಲ್ಲವನ್ನೂ ನೆನೆನೆನೆದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದ.

"ಒಂದು ನಿಲ್ಲಬಹುದು ಭಾವಾ. ಎರಡು ಎಂಜಿನ್ ಅದಾವ ಅಂದ್ರ ಒಂದು ಕೆಡೋ ಸಂಭವ ಎರಡು ಪಟ್ಟು. ಆದ್ರ ಎರಡೂ ಕೂಡೇ ಕೆಡೋದು ಭಾಳ ಅಪರೂಪ. ಒಂದರ ಮ್ಯಾಲೇ ಇಳಿಸಾಕ ಬರ್ತೈತಿ."

"ಅಪರೂಪ ಅಂದ್ರ ಸೊನ್ನೀನಾ?"

ಮಾವ ಸೀಮೆಸುಣ್ಣವನ್ನು ಕೆಳಗಿಟ್ಟ.

"ಅಲ್ಲ. ಯುದ್ಧದಾಗ ಒಬ್ಬ ಪೈಲಟ್‌ಗೆ ಏನೂ ಆಗಂಗಿಲ್ಲ ಹೋಗು ಅಂದಿದ್ದೆ. ಎಂಜಿನ್ ನಾನ ನೋಡಿದ್ದೆ. ಅವ ತಿರುಗಿ ಬರಲಿಲ್ಲ. ಆ ಮಾತು ಮತ್ತ ಯಾರಿಗೂ ಹೇಳಿಲ್ಲ."

ನನ್ನ ದಿಲ್ಲಿ ಅಲ್ಲಿಗೇ ಮುಗಿಯಿತೆಂದುಕೊಂಡೆ. ಅಪ್ಪ ಎದ್ದು, ನೆಲದ ಅಂಕಿಗಳನ್ನು ತುಳಿಯದಂತೆ ದಾಟಿ ಬಂದ. "ಇವ ಬಾಯಿಮಾತಿಗೆ ನಿಲ್ಲಂಗಿಲ್ಲ ಅಂದಿದ್ರ ನನಗ ನಂಬಿಕಿ ಬರ್ತಿರಲಿಲ್ಲ. ಹೋಗಿ ಬಾರವ್ವ" ಎಂದ.

ಅರ್ಧ ದಾರಿಯಲ್ಲಿ ವಿಮಾನದ ಬಲಗಡೆಯ ಎಂಜಿನ್ ನಿಂತೇಬಿಟ್ಟಿತು. ಪಕ್ಕದ ಸೀಟಿನ ಹೆಂಗಸು ದೇವರನ್ನು ಕೂಗತೊಡಗಿದಳು. ಅವಳ ಕೈಹಿಡಿದು, "ಇನ್ನೊಂದು ಐತಿ, ಇಳಿಸಾಕ ಬರ್ತೈತಿ" ಎಂದೆ. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಕೈ ಬಿಡಲಿಲ್ಲ. ಕ್ಷೇಮವಾಗಿ ಇಳಿದೆವು. ಅಷ್ಟು ಧೈರ್ಯ ಹೇಳಿದ ನಾನು ಮೆಟ್ಟಿಲಿಳಿದ ಮೇಲೂ ಅವಳ ಕೈ ಬಿಟ್ಟಿರಲಿಲ್ಲ.

ದಿಲ್ಲಿ ಸೇರಿದ ಮೇಲೆ ಈ ಸುದ್ದಿಯನ್ನು ಅಪ್ಪನಿಗೆ ಬರೆಯಲಿಲ್ಲ. ಮಾವನಿಗೆ ಬರೆದೆ. ಹದಿನೈದು ದಿನಕ್ಕೆ ಅವನು ರೈಲು ಬದಲಿಸುತ್ತ ಬದಲಿಸುತ್ತ ದಿಲ್ಲಿಗೆ ಬಂದು ಹಾಸ್ಟೆಲಿನ ಬಾಗಿಲಲ್ಲಿ ನಿಂತಿದ್ದ. ಎಂಜಿನ್ನಿನ ಸುದ್ದಿಯನ್ನೇ ಎತ್ತಲಿಲ್ಲ. ನನ್ನ ತಲೆ ಸವರಿ, "ಉಂಡೀಯೇನವ್ವ?" ಎಂದು ಕೇಳಿ ಅತ್ತ.

ಇಷ್ಟು ವರ್ಷ ಅದನ್ನು ನನ್ನ ಮೇಲಿನ ಅಕ್ಕರೆಯೆಂದಷ್ಟೇ ತಿಳಿದಿದ್ದೆ. ಇವತ್ತು ಬರೆಯುತ್ತ ಕೂತಾಗ ಅನ್ನಿಸುತ್ತಿದೆ: ತಾನು ಕಳಿಸಿಕೊಟ್ಟವರಲ್ಲಿ ಒಬ್ಬರಾದರೂ ಮತ್ತೆ ನೆಲದ ಮೇಲೆ ನಿಂತದ್ದನ್ನು ಆ ಜೀವಕ್ಕೆ ಕಣ್ಣಾರೆ ನೋಡಬೇಕಿತ್ತು.