ಪಾಚಿಯ ಪರವಾಗಿ

ಶಿರಸಿಗೆ ಹೊರಟ ಬಸ್ಸು ಕಿರವತ್ತಿಯಲ್ಲಿ ಪಂಕ್ಚರ್ ಆಗಿದ್ದು ನನಗೆ ಅನುಕೂಲವೇ ಆಯಿತು. ನಾನೇ ರೂಪಿಸಿದ್ದ, ಇಬ್ಬರು ಆಡುವ ಕಾರ್ಡಿನ ಆಟವೊಂದು ಚೀಲದಲ್ಲಿತ್ತು. ದೂರದ ಗ್ರಹದಲ್ಲಿ ಯುದ್ಧ: ಒಂದು ಕಡೆ ಬೆರಳೆಣಿಕೆಯ ದೈತ್ಯ ಯಂತ್ರಗಳು, ಇನ್ನೊಂದು ಕಡೆ ಸುಮ್ಮನೆ ಹಬ್ಬುತ್ತ ಹೋಗುವ ಪಾಚಿ. ಎರಡೂ ಪಕ್ಷ ಸಮಬಲವೇ ಎಂದು ಯಾರೊಂದಿಗಾದರೂ ಆಡಿ ನೋಡಬೇಕಿತ್ತು. ಢಾಬಾದಲ್ಲಿ ಎದುರು ಕೂತಿದ್ದ ಸಿದ್ದಾಪುರದ ಹೆಗಡೆಯವರು ಎಲೆಯಡಿಕೆಯ ಕವಳ ಹಾಕಿಕೊಂಡು, "ನಂಗೆ ಪಾಚಿ ಇರ್ಲಿ" ಎಂದರು.

ಸ್ವಲ್ಪದರಲ್ಲೇ ನಾನು ಬೆಂಕಿಯುಗುಳುವ ಯಂತ್ರದ ಕಾರ್ಡು ಇಳಿಸಿದೆ. ಪಾಚಿಯ ಕತೆ ಮುಗಿದಂತೆಯೇ.

"ತಡೀರಿ ಮಾರಾಯ್ರೆ. ಎಂತಕ್ಕೆ ಸುಡ್ತು ಅದು? ಕಾರಣ ಹೇಳ್ಲಿ."

"ಯಂತ್ರ ಮಾತಾಡೋದಿಲ್ಲ ಸರ್."

"ಹಂಗಾರೆ ಪಾಚಿ ಮಾತಾಡ್ತು."

ಅವರು ತಾಳಮದ್ದಳೆಯಲ್ಲಿ ಪಾತ್ರದ ಪರ ವಾದ ಹೂಡಿ ಅರ್ಥ ಹೇಳುವವರೆಂದು ಆಗ ತಿಳಿಯಿತು. "ಎಲೈ ಲೋಹಕಾಯನೇ, ನೀನು ಕಾಲಿಡುವ ಮೊದಲೇ ಈ ಬರಿಗಲ್ಲಿಗೆ ಹಸಿರು ಹೊದಿಸಿದವಳು ನಾನು" ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಲಾರಿ ಡ್ರೈವರುಗಳು ಚಹಾ ಹಿಡಿದು ಸುತ್ತ ನಿಂತರು.

"ಪಾಪ, ಆ ಅಕ್ಕನ್ನ ಯಾಕ ಸುಡ್ತೀರಿ? ಬಿಡ್ರಿ ಸರ" ಎಂದ ಒಬ್ಬ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಯಂತ್ರವನ್ನು ವಾಪಸ್ ಕೈಗೆ ತೆಗೆದುಕೊಂಡೆ. ಪಾಚಿ ಮೇಜು ತುಂಬ ಹಬ್ಬಿ ಗೆದ್ದಿತು.

ಟಯರಿನ ಕೆಲಸ ಇನ್ನೂ ಮುಗಿದಿರಲಿಲ್ಲ. ಪಕ್ಷ ಬದಲಿಸಿ ಕೂತೆವು. ಈ ಸಲ ಯಂತ್ರ ಮಾತಾಡಿತು. ಅಕ್ಕ ಎಂದಿದ್ದ ಡ್ರೈವರೇ, "ಆ ಪಾಚೀನ ಕೆರದು ಒಗೀರಿ ಅತ್ಲಾಗ" ಎಂದ.

ಎರಡೂ ಪಕ್ಷ ಸಮಬಲವೆಂದು ಖಾತ್ರಿಯಾಯಿತು. ಹೆಗಡೆಯವರು ಯಾವ ಕಡೆ ಕೂತರೂ ಸೋತವನು ನಾನೇ.