ದೋಣಿಗೆ ಕೇಳಿಸದ ಹಾಗೆ

ಬೆಳಗಿನ ನಾಲ್ಕು ಗಂಟೆ. ಜೂನ್ ತಿಂಗಳಲ್ಲಿ ದೂರದ ಉತ್ತರ ಕಡಲಿನ ನಮ್ಮ ಸ್ಕಾರ್ವಾಯ್ ದ್ವೀಪದಲ್ಲಿ ಕತ್ತಲೆ ಎನ್ನುವುದು ಹೆಸರಿಗಷ್ಟೇ. ಸೂರ್ಯ ಆಗಲೇ ಬಂದಾಗಿದೆ. ಆನ್‌ಫಿನ್ ಅವರ ದೋಣಿಮನೆಯಲ್ಲಿ, ದೋಣಿಯ ಮರ ಪರೀಕ್ಷಿಸುವ ಹೆಂಗಸು ಯೋರುನ್ ಹಳೆಯ ಮೀನುದೋಣಿಯೊಂದರೊಳಗೆ ಅದರ ತಳಕ್ಕೆ ಕಿವಿಯಿಟ್ಟು ಮಲಗಿದ್ದಾರೆ. ಕೈಯಲ್ಲಿ ಮರದ ಕೊಡತಿ, ಜೇಬಿನಲ್ಲಿ ಉದ್ದನೆಯ ದಬ್ಬಳ. ಹಲಗೆಗೆ ಮೆಲ್ಲಗೆ ಬಡಿಯುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಒಂದು ಗೇಣು ಮುಂದಕ್ಕೆ ತೆವಳುತ್ತಾರೆ. ಎಪ್ಪತ್ತರ ಹತ್ತಿರ ಬಂದವರಿಗೆ ತೆವಳುವುದು ಕಷ್ಟ. ಹಾಗೆಂದು ಅವರ ಮುಂದೆ ಹೇಳಿದರೆ ನಿಮಗೆ ಕಷ್ಟ.

“ಬಂದರಲ್ಲಿ ಎಂಜಿನ್ ಶುರುವಾದ್ರೆ ಮರ ಏನು ಹೇಳುತ್ತೆ ಅಂತ ಕೇಳ್ಸೋದಿಲ್ಲ ತಮ್ಮಾ. ಅದಕ್ಕೇ ಇಷ್ಟು ಬೇಗ. ನಿನ್ನ ಪೆನ್ನಿನ ಟಕಟಕ ನಿಲ್ಸು ಸ್ವಲ್ಪ,” ಎಂದು, ಅವರ ಕಸುಬಿನ ಬಗ್ಗೆ ಬರೆದುಕೊಳ್ಳಲು ಜೊತೆಗೆ ಬಂದ ನನಗೂ ಒಂದು ಬೀಳುತ್ತದೆ.

ಆನ್‌ಫಿನ್ ಕೇಳುತ್ತಿರುವ ಪ್ರಶ್ನೆ ಒಂದೇ. ತಾಯಿಯ ಹೆಸರಿಟ್ಟ ಈ ‘ಸ್ವಾನ್‌ಹಿಲ್ಡ್’ ರಿಪೇರಿಯಾಗಿ ಮತ್ತೆ ಕಡಲಿಗೆ ಇಳಿಯುತ್ತಾಳೋ ಇಲ್ಲವೋ? ಇಳಿಯುವುದಿಲ್ಲವಾದರೆ ಶನಿವಾರದ ಯೋನ್ಸೋಕ್ ಬೆಂಕಿಗೆ. ನಡುಬೇಸಿಗೆಯ ಆ ಹಬ್ಬಕ್ಕೆ ದಡದಲ್ಲಿ ಒಟ್ಟುವ ಸೌದೆಯ ರಾಶಿಯ ಮೇಲೆ, ದುಡಿದು ಮುಗಿದ ದೋಣಿಯನ್ನು ಏರಿಸುವುದು ನಮ್ಮಲ್ಲಿ ಮರ್ಯಾದೆ. ಕೊಳೆಯಲು ಬಿಟ್ಟರೆ ಊರು ಆಡಿಕೊಳ್ಳುತ್ತದೆ. ಈ ವರ್ಷದ ರಾಶಿ ಸಿದ್ಧವಾಗಿದೆ, ಅದರ ನೆತ್ತಿ ಇನ್ನೂ ಖಾಲಿ ಇದೆ.

ಯೋರುನ್ ಅವರ ತಂದೆ ದೋಣಿ ಕಾರ್ಖಾನೆಯಲ್ಲಿ ಹಲಗೆಸಂದಿಗೆ ನಾರು ತುಂಬುವ ಕೆಲಸದವರು. ಮಗಳು ಅದೇ ಕಾರ್ಖಾನೆಗೆ ಸೇರಿದಾಗ ಆಕೆಯ ಕೈಗೆ ಸಿಕ್ಕಿದ್ದು ಕೀಲೆಣ್ಣೆಯ ಕುಂಚ ಮಾತ್ರ. ಕೊಡತಿ ಗಂಡಸರದು. “ಅವ್ರು ಬಡೀತಿದ್ರು, ನಾನು ಒಳಗೆ ಕೂತು ಎಣ್ಣೆ ಬಳೀತಿದ್ದೆ. ಸದ್ದೆಲ್ಲ ಬರ್ತಿದ್ದದ್ದು ಒಳಗೆ. ಬಡಿದೋರಿಗಿಂತ ನನಗೇ ಜಾಸ್ತಿ ಕೇಳಿಸ್ತು,” ಎನ್ನುತ್ತಾರೆ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಈಗಲೂ ವರ್ಷಕ್ಕೆ ಏಳೆಂಟು ದೋಣಿ ನೋಡುತ್ತಾರೆ, ಹೆಚ್ಚಿನವಕ್ಕೆ ‘ಬೇಡ’ ಎನ್ನುತ್ತಾರೆ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಮಾತು ಈ ಕಸುಬಿಗೇ ಹುಟ್ಟಿದ್ದಿರಬೇಕು. ಅವರ ಒಂದು ‘ಬೇಡ’ಕ್ಕೆ ಮುನಿದ ಗೃಹಸ್ಥರೊಬ್ಬರು ಇಂದಿಗೂ ಅಂಗಡಿಯಲ್ಲಿ ಇವರನ್ನು ಕಂಡರೆ ಹಿಟ್ಟಿನ ಕಪಾಟಿನ ಹಿಂದೆ ಸರಿಯುತ್ತಾರಂತೆ. ಅವರ ಹೆಂಡತಿ ಮಾತ್ರ ಪ್ರತಿ ಕ್ರಿಸ್‌ಮಸ್‌ಗೆ ಕದ್ದುಮುಚ್ಚಿ ಕೇಕು ಕಳಿಸುತ್ತಾರೆ.

‘ಸ್ವಾನ್‌ಹಿಲ್ಡ್’ ಹೊರಗಿನಿಂದ ಮದುಮಗಳು. ಬಿಳಿ ಬಣ್ಣ ಮಿರುಗುತ್ತಿದೆ. ಆದರೆ ಯೋರುನ್ ತಳದಲ್ಲಿ ಮೂಗು ಅರಳಿಸಿ, “ಅಣಬೆ ವಾಸನೆ,” ಎಂದಷ್ಟೇ ಹೇಳುತ್ತಾರೆ. ತಳ ಗಟ್ಟಿಯಾಗಿರಲೆಂದು ಆನ್‌ಫಿನ್, ಹಲಗೆಗಳನ್ನು ಹಿಡಿದಿಡುವ ಪಕ್ಕೆಲುಬು ಮರಗಳ ನಡುವೆ ಸಿಮೆಂಟು ಸುರಿಸಿದ್ದಾರೆ. ಯೋರುನ್ ಅದರ ಒಂದು ಮೂಲೆ ಒಡೆದು ದಬ್ಬಳ ಒತ್ತುತ್ತಾರೆ. ಅದು ಬೆಣ್ಣೆಗೆ ಇಳಿದ ಹಾಗೆ ಹಿಡಿಯವರೆಗೂ ಇಳಿಯುತ್ತದೆ. ಮೇಲೆ ತಳುಕು, ಒಳಗೆ ಹುಳುಕು. ಬಾಗಿಲಲ್ಲಿ ನಿಂತ ಆನ್‌ಫಿನ್ “ಏನಾಯ್ತು?” ಎನ್ನುತ್ತಾರೆ. ಯೋರುನ್ ಬಾಯಿಯ ಮೇಲೆ ಬೆರಳಿಡುತ್ತಾರೆ.

ದೋಣಿಯೊಳಗೆ ಕೂತು ದೋಣಿಗೆ ಕೆಟ್ಟದ್ದು ನುಡಿಯಬಾರದು. ತಂದೆಯಿಂದ ಬಂದ ಈ ನೇಮವನ್ನು ಅವರು ಎಂದೂ ಮುರಿದಿಲ್ಲ. “ಅದಕ್ಕೆ ಕೇಳಿಸುತ್ತೆ ಅಂತಲ್ಲ,” ಎಂದು ಅಂಗಳ ದಾಟುವಾಗ ನನಗೆ ಹೇಳುತ್ತಾರೆ. “ಅಕಸ್ಮಾತ್ ಕೇಳಿಸಿದ್ರೆ ಅಂತ.”

ಅಡುಗೆಮನೆಯಲ್ಲಿ ಕಾಫಿ, ಕಂದು ಚೀಸು ಹಚ್ಚಿದ ರೊಟ್ಟಿ. ಇಬ್ಬರೂ ಒಂದೇ ತರಗತಿಯಲ್ಲಿ ಕಲಿತವರು.

“ಹೇಳೇ ಮಾರಾಯ್ತಿ.”

“ಹಲಗೆ ಹೋದ್ರೆ ಹಲಗೆ ಹಾಕ್ಬಹುದು ಆನ್‌ಫಿನ್. ಪಕ್ಕೆಲುಬೂ ಹೋಗಿದೆ, ಅಡಿಮರಾನೂ ಹೋಗಿದೆ. ಇನ್ನು ನೀನು ಮಾಡೋದು ಅಂದ್ರೆ ಹೊಸ ದೋಣಿ ಕಟ್ಟಿ ಅದಕ್ಕೆ ಅಮ್ಮನ ಹೆಸರು ಬರೆಯೋದು.”

“ಅಷ್ಟು ಚೆನ್ನಾಗಿ ನೋಡ್ಕೊಂಡೆನಲ್ಲ. ದಡಕ್ಕೆ ತಂದ ಮೇಲೆ ಒಂದು ವಾರಾನೂ ಬಿಟ್ಟಿಲ್ಲ, ಪೈಪು ಹಿಡಿದು ತೊಳೆದಿದ್ದೀನಿ.”

“ಅದೇ ಆಗಿದ್ದು. ಉಪ್ಪುನೀರು ಮರಾನ ಕಾಯುತ್ತೆ. ನೀನು ಸಿಹಿನೀರು ಬಿಟ್ಟೆ. ಅದು ಸಿಮೆಂಟಿನ ಕೆಳಗೆ ಇಳಿದು ಕೂತ್ಕೊಂಡಿತು.”

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬಹುದಿತ್ತು. ಆ ಮುಖ ನೋಡಿ ನಗಲು ಯಾರಿಂದ ಸಾಧ್ಯ? ಆನ್‌ಫಿನ್ ಕಾಫಿ ಲೋಟ ದೂರ ಸರಿಸುತ್ತಾರೆ.

“ವಯಸ್ಸಾಗಿತ್ತು ಅಂತ ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಹೇಳ್ಬಹುದಿತ್ತು. ಅಂಗಳದಲ್ಲಿ ಇನ್ನೊಂದು ಸಣ್ಣ ದೋಣಿ ಇದೆಯಲ್ಲ, ನಾಳೆ ಅದಕ್ಕೂ ಪೈಪು ಹಿಡೀತೀಯ.”

“ಶನಿವಾರ ಊರೋರು ಬಂದು ಎತ್ಕೊಂಡು ಹೋಗ್ಲಿ ಹಾಗಾದ್ರೆ,” ಎಂದು ಆನ್‌ಫಿನ್ ಒಪ್ಪುತ್ತಾರೆ. “ಹೆಸರಿನ ಹಲಗೆ ಮಾತ್ರ ಕೊಡಲ್ಲ.” ಆಮೇಲೆ, ನೋವಾದವರು ಕೇಳುವ ಹಾಗೆಯೇ ಕೇಳುತ್ತಾರೆ: “ಊರಿನ ದೋಣಿಗೆಲ್ಲ ಚುಚ್ತೀಯಲ್ಲ, ನಿಮ್ಮಪ್ಪನ ದೋಣಿಗೆ ಯಾವತ್ತಾದ್ರೂ ಚುಚ್ಚಿದ್ದೀಯಾ?”

ಆ ದೋಣಿ ಇರುವುದು ಯೋರುನ್ ಅವರ ಮನೆಯ ಕೆಳಗಿನ ದೋಣಿಮನೆಯಲ್ಲಿ. ಅದರ ಬಾಗಿಲು ತೆರೆದದ್ದನ್ನು ನಾನಂತೂ ಕಂಡಿಲ್ಲ. ಬೆಳಿಗ್ಗೆ ಅದರ ಮುಂದೆಯೇ ಹಾದು ಬಂದೆವು, ಅವರು ಆ ಕಡೆ ತಿರುಗಲಿಲ್ಲ.

ಅವರು ಕಾಫಿ ಮುಗಿಸುತ್ತಾರೆ. ಜೇಬಿನಿಂದ ದಬ್ಬಳ ತೆಗೆದು, ಅದಕ್ಕಂಟಿದ ಕೊಳೆತ ಮರದ ಪುಡಿಯನ್ನು ಲಂಗದ ಅಂಚಿಗೆ ಒರೆಸುತ್ತಾರೆ, ಮೇಜಿನ ಮೇಲೆ ಆನ್‌ಫಿನ್ ಕಡೆಗೆ ಸರಿಸುತ್ತಾರೆ.

“ಹಬ್ಬ ಮುಗೀಲಿ. ಆಮೇಲೆ ನೀನೇ ಬಾ, ಅಪ್ಪನ ದೋಣಿಗೆ ಚುಚ್ಚಿ ನೋಡು. ನಾನು ಮನೇಲಿ ಕಾಫಿ ಇಟ್ಟಿರ್ತೀನಿ,” ಎನ್ನುತ್ತಾರೆ. “ಏನೇ ಇರ್ಲಿ, ಆಚೆ ಬಂದು ಹೇಳು.”